ಗುರುವಾರ ರಾತ್ರಿಯ ಹತ್ತೊಂಬತ್ತು

ಗೋಣಿಕೊಪ್ಪಲಿನ ಮಾರ್ಕೆಟ್ಟಿನಲ್ಲಿ
ಮೀನಿನ ಉಸ್ಮಾನ್ ಕೊಟ್ಟ ಐಸಿಗೆ ಮತ್ತಿಯ ವಾಸನೆ.
ಇರಲಿ, ಅದು ಹೊರಗೇ ಇರುವುದು.
ಬಚ್ಚಲಲ್ಲಿ ಟಬ್ಬು, ಟಬ್ಬಿನಲ್ಲಿ ಗೇಣೆತ್ತರ ನೀರು,
ನೀರಲ್ಲಿ ಮುಚ್ಚಳ ಬಿಗಿದ ಬಿಳಿ ಬಕೆಟ್ಟು,
ಅದರೊಳಗೆ ಇಪ್ಪತ್ತು ಲೀಟರ್ ಬಾರ್ಲಿ ಕಷಾಯ,
ನಿನ್ನೆ ಸಂಜೆ ಯೀಸ್ಟ್ ಉದುರಿಸಿದ್ದು.

ಬಚ್ಚಲಲ್ಲಿ ಇಪ್ಪತ್ತೆರಡು ಡಿಗ್ರಿ,
ಬಕೆಟ್ಟಿನಲ್ಲಿ ಇಪ್ಪತ್ತಾರು.
ಉತ್ತಯ್ಯನಿಗೆ ಇದನ್ನು ತಿಳಿಸಲು ಅರ್ಧ ದಿನ ಹಿಡಿಯಿತು:
ಬಿಸಿಲು ಕಾಯಿಸಿದ್ದಲ್ಲ ಮಾರಾಯ, ಅದು ತಾನೇ ಕಾಯುತ್ತಿದೆ.
ಮದುವೆ ಹಾಲಿನಲ್ಲಿ ಮೊದಲ ಪಂಕ್ತಿ ಕೂತಾಗ
ಫ್ಯಾನಿನ ಕೆಳಗೂ ಬೆವರುವುದಿಲ್ಲವೇ, ಹಾಗೆ.

ಇಪ್ಪತ್ತೊಂಬತ್ತು ವರ್ಷ ವಾರ್ಡಿನಲ್ಲಿ ಜ್ವರ ನೋಡಿದವಳು ನಾನು.
ಒದ್ದೆ ಬಟ್ಟೆ, ಗಾಳಿ,
ನಿದ್ದೆಗೆಡಲು ಒಪ್ಪಿದ ಒಬ್ಬರು, ಇಷ್ಟು ಸಾಕು.
ಆಸ್ಪತ್ರೆಯ ಹಳೇ ಚಾರ್ಟು ಬಚ್ಚಲ ಬಾಗಿಲಿಗೆ ಅಂಟಿಸಿದೆ,
ದಾರ ಕಟ್ಟಿ ಪೆನ್ನು ತೂಗಿಬಿಟ್ಟೆ,
ಹಾಲಿನ ಡೈರಿಯ ಚಂಗಪ್ಪನಿಂದ ಥರ್ಮಾಮೀಟರ್ ಸಾಲ ತಂದೆ.
ಅತ್ತೆ ಬಂದು ನೋಡಿ ನಕ್ಕರು.
ನೆಲ್ಲಿಕಾಯಿ ವೈನಿಗೆ ಅವರು ಜ್ವರ ನೋಡಿದವರಲ್ಲ,
ಭರಣಿಯನ್ನು ಅಟ್ಟಕ್ಕೇರಿಸಿ ಮರೆಯುವುದೇ ಅದರ ಮದ್ದು.
ನನಗೆ ಮರೆಯುವ ಕೆಲಸ ಯಾರೂ ಕಲಿಸಲಿಲ್ಲ.

ಗುರುವಾರ ನನಗೆ ನೈಟ್ ಡ್ಯೂಟಿ.
ಎರಡು ಗಂಟೆಗೊಮ್ಮೆ ಐಸು, ಬಕೆಟ್ಟಿಗೆ ಒದ್ದೆ ಟವಲು,
ನೋಡು, ಬರೆ ಎಂದು ಹೇಳಿ ಹೋದೆ.
ಬೆಳಗ್ಗೆ ಬಂದರೆ ಚಾರ್ಟಿನಲ್ಲಿ
ಹತ್ತಕ್ಕೆ ೧೯, ಹನ್ನೆರಡಕ್ಕೆ ೧೯,
ಎರಡಕ್ಕೆ ೧೯, ನಾಲ್ಕಕ್ಕೆ ೧೯.
ನಾಲ್ಕೂ ಒಂದೇ ಓರೆ.
ಇಂಥ ಚಾರ್ಟು ನಾನು ಎಷ್ಟೋ ನೋಡಿದ್ದೇನೆ,
ತರಬೇತಿಯ ಹುಡುಗಿಯರು ಐದು ಗಂಟೆಗೆ ಮುಖ ತೊಳೆದು
ಒಂದೇ ಉಸಿರಿಗೆ ತುಂಬುವಂಥವು.
ಥರ್ಮಾಕೋಲ್ ಡಬ್ಬಿಯ ಮೇಲೆ
ನಾನು ಮಡಿಸಿಟ್ಟ ಗೋಣಿಯ ಮಡಿಕೆ ಹಾಗೇ ಇತ್ತು.
ಟವಲು ಗರಿಗರಿ ಒಣಗಿತ್ತು.
ಕಾಫಿ ತಂದುಕೊಟ್ಟ. ಕುಡಿದೆ.

ಸೋಮವಾರ ಹೂಮಳೆ.
ಪಕ್ಕದ ತೋಟದವರು ಅಂಗಳದಿಂದಲೇ ಕೂಗಿ
ಒಂದಿಂಚು ಹದಿನೈದು ಸೆಂಟು ಎಂದರು,
ರಸ್ತೆಯಾಚೆಯವರು ಇಲ್ಲ, ಇಪ್ಪತ್ತು ಎಂದರು.
ಊರಿಗೆ ಊರೇ ಖುಷಿಯಲ್ಲಿತ್ತು.
ನಾನು ಟಾರ್ಚು ಹಿಡಿದು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ:
ಹದಿನೈದು.
ಕೊಳವೆಯ ಗುಳುಗುಳು ನಿಂತಿದೆ.
ತಣ್ಣಗಾದರೆ ಯೀಸ್ಟು ತಳಕ್ಕಿಳಿದು ಮಲಗಿಬಿಡುತ್ತದೆ,
ಅರ್ಧ ಊಟಕ್ಕೇ ಎದ್ದ ನೆಂಟರ ಹಾಗೆ.

ಇಷ್ಟು ದಿನ ಇಳಿಸಿದ್ದನ್ನು ಈಗ ಏರಿಸಬೇಕು.
ಕೈಗೆ ಸಿಕ್ಕಿದ್ದು ಟ್ರಂಕಿನಲ್ಲಿದ್ದ ಉತ್ತಯ್ಯನ ಕರಿ ಕುಪ್ಯ.
ಬಕೆಟ್ಟನ್ನು ನೀರಿನಿಂದೆತ್ತಿ, ಒರೆಸಿ,
ಕುಪ್ಯ ತೊಡಿಸಿದೆ.
ಜಾರುತ್ತದೆಂದು ಸೊಂಟಕ್ಕೆ ಕೆಂಪು ಚೇಲೆ ಬಿಗಿದೆ.
ಹಲ್ಲುಜ್ಜಲು ಬಂದವನು ಬಾಗಿಲಲ್ಲೇ ನಿಂತ:
"ಪೀಚೆಕತ್ತಿ ಒಂದು ಬಾಕಿ. ಯಾವತ್ತು ಮದುವೆ?"
ನಕ್ಕೆ. ನಗಬಾರದೆಂದುಕೊಂಡಿದ್ದೆ.
ಆಮೇಲೆ ಅವನೇ, ನಾನು ಹೇಳದೆ,
ಎರಡು ಬಾಟಲಿಗೆ ಬಿಸಿನೀರು ತುಂಬಿ
ಕುಪ್ಯದ ಒಳಗೆ ಎಡಕ್ಕೊಂದು, ಬಲಕ್ಕೊಂದು ಸಿಕ್ಕಿಸಿದ.
ಚಾರ್ಟಿನಲ್ಲಿ ಆ ರಾತ್ರಿಯ ಅಂಕಿಗಳು
೧೫, ೧೬, ೧೬, ೧೮.
ಮೂರನೆಯದು ನಡುಗಿದ ಕೈಯದು, ಹೊಡೆದು ಹಾಕಿ ಬರೆದದ್ದು.
ನಂಬಿದೆ.

ನಾಲ್ಕು ವಾರಕ್ಕೆ ಬಾಟಲಿ ತೆರೆದೆವು.
ಜೇನಿನ ಬಣ್ಣ, ಬೆರಳಗಲ ನೊರೆ,
ಮೂಗಿಗೆ ಮೊದಲು ಬಂದದ್ದು ಬಾಳೆಹಣ್ಣು.
ಪುಟ್ಟಬಾಳೆ ಕೂಡ ಅಲ್ಲ, ಕಳಿತ ನೇಂದ್ರ.
ಕಾವೇರಿದ ರಾತ್ರಿಯನ್ನು ಯೀಸ್ಟು ಬರೆದಿಡುವುದು ಹೀಗೆ,
ಅದಕ್ಕೆ ಪೆನ್ನು ಬೇಡ.
ಇಪ್ಪತ್ತಾರಕ್ಕೂ ಮೇಲೇ ಹೋಗಿರಬೇಕು.
ಉತ್ತಯ್ಯ ಮೂಸಿ ನೋಡಿ ಮೆಲ್ಲಗೆ,
"ಉಸ್ಮಾನನ ಐಸಿನದ್ದಿರಬಹುದು" ಎಂದ.
ಇರಬಹುದು ಎಂದೆ.

ಚಂಗಪ್ಪ ಮಾತ್ರ ಎರಡನೇ ಗ್ಲಾಸಿಗೆ ಕೈಚಾಚಿ
"ಈ ಬಾಳೆಹಣ್ಣಿನ ಪರಿಮಳ ಹೇಗೆ ಬರಿಸಿದಿರಿ?
ನಮ್ಮ ಮನೆಯಲ್ಲೂ ಮಾಡಬೇಕು" ಎಂದು ಕೇಳಿದ.
ಉತ್ತಯ್ಯ ನನ್ನನ್ನು ನೋಡಿದ.
ನಾನು ಥರ್ಮಾಮೀಟರ್ ಒರೆಸಿ
ಡಬ್ಬಿಗೆ ಹಾಕಿ ಚಂಗಪ್ಪನ ಕೈಗಿಟ್ಟೆ.