ಎಂಟನೇ ದಿನ

ನಳ ಬಂದು ಇವತ್ತಿಗೆ ಆರು ದಿನ.
ಬ್ಯಾರಲ್ಲಿನ ಮುಚ್ಚಳ ಸರಿಸಿ, ಟಾರ್ಚ್ ಬಿಟ್ಟು
ಬಗ್ಗಿ ನೋಡ್ತೀನಿ:
ಅಲ್ಪವಿರಾಮದಂಥವು, ಬಾಲ ಮ್ಯಾಲ, ತಲಿ ಕೆಳಗ,
ಬೆಳಕು ಬಿದ್ದ ಕೂಡ್ಲೆ ತಳಕ್ಕ ಓಡ್ತಾವು.
ಯಾರೋ ಒಂದು ಉದ್ದನ್ನ ವಾಕ್ಯ ಬರಿಯಾಕ ಕುಂತು
ಬರೇ ಅಲ್ಪವಿರಾಮ ಇಟ್ಟು ಎದ್ದು ಹ್ವಾದಂಗ.

"ಚೆಲ್ಲಬೇಕ್ರಿ ಇದನ್ನ" ಅಂತೀನಿ.

ತುಳಜಾಬಾಯಿ ಮೆಹರವಾಡೆ ಸೆರಗು ಸೊಂಟಕ್ಕ ಸಿಗಿಸಿ
ನನ್ನ ನೋಡ್ತಾಳ, ಬ್ಯಾರಲ್ ನೋಡ್ತಾಳ,
ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡ್ತಾಳ.
ಅದರಾಗ ಏಕಾದಶಿ, ಸಂಕಷ್ಟಿ ಅಚ್ಚಾಗಿ ಬಂದಾವು;
ನೀರು ಬಂದ ದಿನಕ್ಕ ಆಕಿನ ಕುಂಕುಮ ಹಚ್ಚ್ಯಾಳ.
"ಚೆಲ್ತೀನಿ ಯವ್ವಾ. ಆ ವಾಲ್‌ಮನ್ ಫಕ್ಕೀರಪ್ಪಗ ಒಂದು ಮಾತು ಹೇಳು.
ಸೊಳ್ಳಿ ಎಂಟು ದಿನಕ್ಕ ಹುಟ್ತೈತಿ ಅಂತಿ,
ನೀರು ಹತ್ತು ದಿನಕ್ಕ ಬರ್ತೈತಿ.
ನಡುವಿನ ಎರಡು ದಿನ ಯಾರ ಲೆಕ್ಕಕ್ಕ?"

ನನ್ನ ಫೋನಿನಾಗ ಒಂದು ಪ್ರಶ್ನಿ ಐತಿ:
ನಿಂತ ನೀರು ಖಾಲಿ ಮಾಡಿಸಿದಿರಾ?
ಹೌದು. ಇಲ್ಲ.
ಮೂರನೇ ಉತ್ತರಕ್ಕ ಜಾಗಾ ಇಟ್ಟಿಲ್ಲ.
ಇಲ್ಲ ಅಂತ ಒತ್ತಿದ್ರ ಮನಿ ಕೆಂಪಾಗ್ತೈತಿ,
ಕೆಂಪಾದ ಮನಿಗೆ ನಾನ ಮತ್ತ ಬರಬೇಕು.
ಇನ್ನೂ ನಲವತ್ತೆರಡು ಮನಿ ಉಳದಾವು, ಬಿಸಲು ಏರೈತಿ.
ಹೌದು ಅಂತ ಒತ್ತೀನಿ.
ಹಸರು.

ನಮ್ಮವ್ವನ ಕಾಲಕ್ಕ ಜ್ವರಕ್ಕೂ ಒಂದು ಪಂಚಾಂಗ ಇತ್ತು:
ಪಂಚಮಿ ಜೋಕಾಲಿ ಇಳಸೂದ್ರಾಗ ಬರೂದು,
ದೀಪಾವಳಿ ಥಂಡಿ ಬಿದ್ದ ಕೂಡ್ಲೆ ಹೋಗೂದು.
ಈಗ ಯುಗಾದಿ ಬೇವು ಬಾಯಿಗಿಡೂವಾಗೂ ಮೈ ಸುಡತೈತಿ.
"ಈ ಸೊಳ್ಳಿಗೆ ಸೂಟಿನ ಇಲ್ಲೇನ್ರಿ?"
ಲ್ಯಾಬಿನ ಇರ್ಷಾದ ನಕ್ಕೊಂತ ರಕ್ತದ ನಳಿಕಿಗೆ ಚೀಟಿ ಅಂಟಸ್ತಾನ.
ಅವಗೂ ಸೂಟಿ ಇಲ್ಲ.
ಆರು ತಿಂಗಳ ಗುತ್ತಿಗಿ, ಮುಗದಿಂದ
ಮತ್ತ ಆರು ತಿಂಗಳ ಗುತ್ತಿಗಿ.

ಮೀನು ಬಿಡ್ರಿ ಅಂದ್ರು ಮೀಟಿಂಗಿನಾಗ.
ಪ್ಲಾಸ್ಟಿಕ್ ಚೀಲದಾಗ ಗಪ್ಪಿ ಮೀನು ಹಿಡಕೊಂಡು
ಹೆಗ್ಗೇರಿ ಕಡೆ ಓಣಿ ಓಣಿ ತಿರಗಿದೆ.
ಗುರುಸಿದ್ದವ್ವ ಅಂಗಡಿ ಬಾಗಲಿಗೆ ಅಡ್ಡ ನಿಂತ್ಲು:
"ಲಿಂಗಕ್ಕ ಎರಿಯೂ ನೀರವ್ವ ಇದು, ಮೀನ ತೊಳದ ನೀರಲ್ಲ."
ಮೊಮ್ಮಗ ಸಮರ್ಥ ಮಾತ್ರ ಎರಡು ಇಸಗೊಂಡ,
ಹಿತ್ತಲದಾಗ ಹಾರ್ಲಿಕ್ಸ್ ಬಾಟ್ಲಿಗೆ ಬಿಟ್ಟ, ಹೆಸರಿಟ್ಟ:
ಒಂದು ಕಮಿಷನರ್,
ಇನ್ನೊಂದು ಕಮಿಷನರ್ ಹೆಂಡ್ತಿ.

ಹನ್ನೆರಡು ದಿನಕ್ಕ ಅವನ್ನ ವಾರ್ಡಿನಾಗ ಕಂಡೆ.
ಒಂದ ಮಂಚಕ್ಕ ಇಬ್ಬರು ಹುಡುಗರು, ಒಬ್ಬರ ಕಾಲು ಒಬ್ಬರ ತಲಿಗೆ.
ಕೇಸ್ ಪೇಪರಿನ ಅಂಚಿಗೆ ಪೆನ್ನಿಲೆ ಬರದಿದ್ರು
ತೊಂಬತ್ತು ಸಾವಿರ. ಅರವತ್ತೆಂಟು. ನಲವತ್ತೊಂದು.
ಗುರುಸಿದ್ದವ್ವಗ ಓದಾಕ ಬರೂದಿಲ್ಲ,
ಇಳಿಯೂದು ಮಾತ್ರ ಗೊತ್ತಾಗತೈತಿ,
ಬ್ಯಾರಲ್ಲಿನ ಒಳಮೈಗೆ ಉಳದ ಗೆರಿ ನೋಡಿ
ಇನ್ನ ಎಷ್ಟು ದಿನ ಅನ್ನೂದು ಗೊತ್ತಾದಂಗ.
ಹುಡುಗ ಒಣ ತುಟಿ ನೆಕ್ಕೊಂಡು ಕೇಳ್ದ:
"ಅಕ್ಕಾರ, ಕಮಿಷನರ್‌ಗೆ ಅಕ್ಕಿನುಚ್ಚು ಯಾರು ಹಾಕ್ತಾರ್ರಿ?"

ಡಾಕ್ಟರ್ ನಿವೇದಿತಾ ಚಿಕ್ಕಮಠ ಪರದಿ ತೋರಿಸಿದ್ರು,
ರಾತ್ರಿ ಪಾಳಿ ಮುಗದ ಮ್ಯಾಲೂ ಮನಿಗೆ ಹೋಗದವರು.
"ನಿಮ್ಮ ಓಣಿ ಪೂರಾ ಹಸರು ಐತೆಲ್ಲ?
ಹಂಗಾರ ಈ ನಾಲ್ಕು ಹುಡುಗ್ರು ಎಲ್ಲಿಂದ ಬಂದ್ರು?"
ನಾನು ನನ್ನ ಬೆರಳು ನೋಡ್ಕೊಂಡೆ.

ಹುಡುಗ ಉಳದ.
ಇಲ್ಲೇ ಹೇಳಿಬಿಡ್ತೀನಿ, ಇಂಥಾದನ್ನ
ಕಡೀತನಕ ಕಾಯಸೂದು ಚಲೋ ಅಲ್ಲ.

ಆ ಐತವಾರ ರಾತ್ರಿ ಎರಡಕ್ಕ ನಳ ಬಂತು.
ಓಣಿ ತುಂಬ ಕೊಡದ ಸಪ್ಪಳ, ಪೈಪಿನ ಜಗಳ.
ನಮ್ಮ ಮನಿ ಬ್ಯಾರಲ್ ತಿಕ್ಕಾಕಂತ ಬಗ್ಗಿದೆ,
ತಳದಾಗ ಅಂಗೈಯಷ್ಟು ಹಳೇ ನೀರು.
ಟಾರ್ಚ್ ಬಿಟ್ಟೆ.
ಅಲ್ಪವಿರಾಮ, ಅಲ್ಪವಿರಾಮ, ಅಲ್ಪವಿರಾಮ.

ಮರುವಾರ ಗಂಡನ ಎರಡು ಹಳೇ ಧೋತರ ಹರಕೊಂಡು
ತುಳಜಾಬಾಯಿ ಮನಿಗೆ ಹೋದೆ.
ಬ್ಯಾರಲ್ಲಿನ ಬಾಯಿಗೆ ಅರಿವಿ ಎಳದು
ಇಬ್ಬರೂ ಕೂಡಿ ಸುತ್ತ ಹಗ್ಗ ಬಿಗದ್ವಿ, ಹಪ್ಪಳದ ಡಬ್ಬಿಗೆ ಕಟ್ಟಿದಂಗ.
ಫೋನ್ ಕೇಳ್ತು. ಇಲ್ಲ ಅಂತ ಒತ್ತಿದೆ.
ಬಾಜು ಮನಿ, ಇಲ್ಲ.
ಅಂಗಡಿಯವರ ಮನಿ, ಇಲ್ಲ.
ನಮ್ಮ ಮನಿ, ಇಲ್ಲ.

ಸಂಜೀಕ ಸೂಪರ್‌ವೈಸರ್ ಫೋನ್ ಹಚ್ಚಿದ:
"ಏನಾತ್ರಿ ನಿಮ್ಮ ಓಣಿಗೆ, ಒಮ್ಮಿಗಲೇ ಕೆಂಪಾಗೈತಿ?"
"ಮೊದಲಿಂದನೂ ಹಂಗ ಐತ್ರಿ" ಅಂದೆ.
"ನೀರು ಬಂದು ಇವತ್ತಿಗೆ ಎಂಟನೇ ದಿನ."