ಉತ್ತರ ಸ್ಪಷ್ಟವಿಲ್ಲ

ಕಲೀನಾದ ಈ ಕೋಣೆ ಸೋಮವಾರದೊಳಗೆ ಖಾಲಿಯಾಗಬೇಕು.
ರದ್ದಿಯವನು ತಕ್ಕಡಿ ತಂದಿದ್ದಾನೆ, ಕಿಲೋಗೆ ಹನ್ನೊಂದು.
ಹನ್ನೆರಡು ಮಾಡು ಎಂದರೆ
ಶಾಯಿ ಹೆಚ್ಚಿದೆ ಸಾಹೇಬ, ಅನ್ನುತ್ತಾನೆ.
ಮೂವತ್ತೊಂದು ವರ್ಷದ ಪ್ರಶ್ನಾವಳಿಗಳು,
ಸುತಳಿ ಬಿಗಿದು ಇಟ್ಟದ್ದು, ಗೆದ್ದಲು ಓದಿ ಬಿಟ್ಟದ್ದು.

ಪ್ರೊಫೆಸರ್ ಶೇವಂತಾ ಗಾಂಗುರ್ಡೆ.
ನಾವು ಬಾಯಿ ಎನ್ನುತ್ತಿದ್ದೆವು, ಮರಾಠಿಯಲ್ಲಿ ಅದು ಮರ್ಯಾದೆ.
ನನಗೆ ಮಾತ್ರ ಕನ್ನಡದಲ್ಲೇ ಕೇಳಿಸುತ್ತಿತ್ತು,
ಅವರ ಮೊದಲ ಪುಸ್ತಕ ಶುರುವಾಗುವುದೇ ಒಂದು ಬಾಯಿಂದ.
ಲಾಲ್‌ಬಾಗಿನ ಗಿರಣಿಯಲ್ಲಿ ಲಾಳಿಯ ಕಣ್ಣಿಗೆ ತುಟಿಯಿಟ್ಟು
ನೂಲನ್ನು ಹೀರಿ ಎಳೆಯಬೇಕಿತ್ತು.
ಅಪ್ಪ ಧೋಂಡಿಬಾನ ತುಟಿ ತಾಗಿದ ಲಾಳಿಯನ್ನು
ಇನ್ನೊಬ್ಬ ಮುಟ್ಟುವುದಿಲ್ಲ.
ನೇಯುವ ಖಾತೆಯಲ್ಲಿ ಪಗಾರ ಹೆಚ್ಚು.
ಅಪ್ಪನಿಗೆ ಕಡೆಯವರೆಗೂ ನೂಲುವ ಖಾತೆ, ಕೆಮ್ಮು.
"ಬಂಡವಾಳಕ್ಕೆ ಜಾತಿಯಿಲ್ಲ ಎಂದವರು
ಎಂಜಲಿನ ಲೆಕ್ಕ ಬರೆದಿಲ್ಲ."
ಎರಡನೇ ಪುಟ, ಅಡಿಟಿಪ್ಪಣಿ, ಚಿಕ್ಕ ಅಕ್ಷರ.

ನಾನು ಸಿಂದಗಿ ಕಡೆಯವನು.
ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆದು
ಸಂಜೆ ಕನ್ನಡ ರಾತ್ರಿಶಾಲೆ.
ರಕಾರಕ್ಕೆ ಗುಡಿಸು ಕೊಡೋ ಎಂದರೆ ಮಾಸ್ತರು,
ನಾನು ಎದ್ದು ಕಸಬರಿಗೆ ಹುಡುಕಿದ್ದೆ.
ಬಾಯಿಗೆ ಈ ಕತೆ ಹೇಳಿದ ದಿನವೇ ಕೆಲಸ ಸಿಕ್ಕಿತು.
ಅವರು ನಗಲಿಲ್ಲ.

ಬೆಳಿಗ್ಗೆ ಕುಲಕರ್ಣಿ, ಮಧ್ಯಾಹ್ನ ಮಾದರ.
ಅದೇ ಗಂಟಲು, ಅದೇ ನೌಕರಿ, ಗಂಡ ಹೆಂಡತಿ ಒಂದು ಕೂಸು,
ಬಾಡಿಗೆಗೆ ಮನೆ ಇದೆಯಂತಲ್ಲ?
ಕುಲಕರ್ಣಿಗೆ ಬಾಲ್ಕನಿ. ಕುಲಕರ್ಣಿಗೆ ನಳದ ನೀರು ಎರಡು ಹೊತ್ತು.
ಮಾದರನಿಗೆ, ಅಯ್ಯೋ, ಈಗಷ್ಟೇ ಹೋಯ್ತು.
ಮಾದರನಿಗೆ, ಮಾಂಸ ಮೀನು ಏನಾದರೂ?
ನನ್ನದೇನಿಲ್ಲಪ್ಪ, ಸೊಸೈಟಿಯವರು ಕೇಳ್ತಾರೆ.
ಆ ಸೊಸೈಟಿಯವರು ಯಾರೋ,
ಮೂವತ್ತೊಂದು ವರ್ಷ ಒಮ್ಮೆಯೂ ಫೋನಿಗೆ ಸಿಗಲಿಲ್ಲ.

ಕೊಡುತ್ತೇವೆಂದರೆ ಒಂದು, ಇಲ್ಲವೆಂದರೆ ಎರಡು,
ಉತ್ತರ ಸ್ಪಷ್ಟವಿಲ್ಲದಿದ್ದರೆ ಒಂಬತ್ತು.
ಕುಲಕರ್ಣಿಗೆ ಸಿಕ್ಕ ಮನೆಗಳನ್ನು ನೋಡಲು
ಭಾನುವಾರ ಹೆಂಡತಿಯನ್ನು ಕರೆದೊಯ್ಯುತ್ತಿದ್ದೆ.
ಎದುರಿನ ಫುಟ್‌ಪಾತಿನಿಂದ.
ಆ ಮೂರನೇ ಕಿಟಕಿ ನೋಡು, ಅಲ್ಲಿ ತೊಟ್ಟಿಲು ಕಟ್ಟಬಹುದಿತ್ತು
ಎನ್ನುತ್ತಿದ್ದಳು ಅವಳು, ಶೇಂಗಾ ಸುಲಿಯುತ್ತ.

ಗಿರಣಿ ಮುಚ್ಚಿತು. ಚಿಮಣಿಯೊಂದನ್ನು ಉಳಿಸಿ
ಸುತ್ತ ಗಾಜು ಕಟ್ಟಿದರು, ನಲವತ್ತೆರಡು ಮಹಡಿ.
ನಿವೃತ್ತಿಯ ದುಡ್ಡಿನಲ್ಲಿ ಬಾಯಿ ಅಲ್ಲೇ
ಬಾಡಿಗೆಗೆ ಎರಡು ಕೋಣೆ ಕೇಳಲು ಹೋದರು. ಹಟ.
ದಲಾಲ ಅವರ ಪುಸ್ತಕ ಓದಿದ್ದನಂತೆ, ಬಿ.ಎ. ಎರಡನೇ ವರ್ಷ,
ಬಗ್ಗಿ ಕಾಲು ಮುಟ್ಟಿದ.
ಲಿಫ್ಟಿನಲ್ಲಿ ಹೇಳಿದ, ಫೋನ್ ಮಾಡ್ತೀನಿ ಮೇಡಂ.
ಹದಿನೈದು ದಿನ ಕಾದು ನಾನೊಂದು ಹೊಸ ಹಾಳೆ ತೆಗೆದೆ.
ಬಾಯಿ ಪೆನ್ನು ಕಿತ್ತುಕೊಂಡರು.
ಒಂದೇ ನಮುನಾ ಪುರಾವೆ ಆಗೋದಿಲ್ಲ, ಎಂದರು ಮರಾಠಿಯಲ್ಲಿ.
ನಮುನಾ ಎಂದರೆ ಮಾದರಿ.
ಮಾದರನಿಗೊಂದು ಗುಡಿಸು ಕೊಟ್ಟರೆ, ಅಷ್ಟೇ.
ಬಿಡಿಸಿ ಹೇಳಲಿಲ್ಲ ನಾನು. ಅವರಿಗೆ ಕನ್ನಡ ಬಾರದು.

ತಕ್ಕಡಿಗೆ ಹಾಕದ ಒಂದು ಹಾಳೆ ಜೇಬಿನಲ್ಲಿದೆ.
ಮಾಝಗಾಂವ್. ಧನ್‌ಮಾಯಿ ಎಂಬ ಪಾರ್ಸಿ ಮುದುಕಿ.
ಆವತ್ತು ಗಡಿಬಿಡಿಯಲ್ಲಿ ಬೆಳಿಗ್ಗೆಯೇ
ನನ್ನ ಹೆಸರು ಹೇಳಿಬಿಟ್ಟಿದ್ದೆ.
ಫೋನಿನೊಳಗೆ ರೈಲು ಹಾಯುತ್ತಿತ್ತು.
ಬಾ ದೀಕರಾ, ಎಂದಳು,
ನಾನಿರದಿದ್ದರೆ ಚಾವಿ ಮೆಟ್ಟಿಲ ಮೇಲಿನ ಕುಂಡದ ಕೆಳಗೆ.
ನಿಯಮ ತಪ್ಪಿದ ಕರೆ, ಲೆಕ್ಕಕ್ಕಿಲ್ಲ, ಎಂದಿದ್ದರು ಬಾಯಿ.
ಹೆಸರು ಅವಳಿಗೆ ಕೇಳಿಸಿತ್ತೋ, ರೈಲೇ ಕೇಳಿಸಿತ್ತೋ.
ಹೋಗಿ ನೋಡಲಿಲ್ಲ ನಾನು.
ಒಂಬತ್ತು ಎಂದು ಬರೆದಿದ್ದೇನೆ,
ಪೆನ್ಸಿಲಿನಲ್ಲಿ.