ಆರು ಅಂಗುಲ

ಮೂರು ಹಾಳೆ ಬರೆದುಕೊಟ್ಟಿದ್ದೆ ಓಸೀತ್‌ಗೆ.
ಒಂದರಲ್ಲಿ ಬರೀ ಬಣ್ಣ, ಕದಗಳಿಗೆ ಹೊಸ ಹಿಡಿ,
ಸೋರುವ ನಲ್ಲಿಗೊಂದು ಬದಲಿ.
ಎರಡನೆಯದರಲ್ಲಿ ಕಪಾಟು, ನೆಲ, ದೀಪ.
ಮೂರನೆಯದು ನನ್ನ ಆಸೆ:
ನಡುಗೋಡೆ ಕೆಡವಿ, ಕೊಲ್ಲಿಯ ಕಡೆಗೆ ಅಗಲ ಕಿಟಕಿ,
ಕರಿಗಲ್ಲಿನ ಕಟ್ಟೆ, ಸದ್ದಿಲ್ಲದೆ ಮುಚ್ಚುವ ಡ್ರಾಯರು.
ಕೆಳಗೆ ಮೊತ್ತ ಬರೆಯುವಾಗ
ಪೆನ್ಸಿಲಿನ ಮೊನೆ ಮುರಿಯಿತು.

ನವೆಂಬರು. ಸೇಂಟ್ ಮೇರಿ ಕೊಲ್ಲಿಯ ಮಂಜು
ಟ್ರಕ್ಕಿನ ಗಾಜಿಗೆ ಅಂಟಿತ್ತು, ಟ್ರಕ್ಕಿನ ಕಂತು ನನಗೆ.
ನೋವಾ ಸ್ಕೋಶಿಯಾದ ಈ ತೀರದಲ್ಲಿ ಹಿಮ ಬಿದ್ದ ಮೇಲೆ
ಬಡಗಿಯನ್ನು ಕರೆಯುವವರು ಯಾರು?
“ಒಮ್ಮೆ ಮಾಡಿಸಿದರೆ ಮುಗಿಯಿತು,” ಅಂದೆ,
“ಮನೆಗೂ ಬೆಲೆ ಬರುತ್ತೆ.”
ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಅಡ್ಡಗೋಡೆಯ ಮೇಲೆ ದೀಪವಿಟ್ಟಳು,
ನಾನು ಕೆಡವಬೇಕೆಂದಿದ್ದ ಅದೇ ಗೋಡೆಯ ಮೇಲೆ.

ಎರಡನೆಯ ಸಲ ಹೋದಾಗ ಆಲೂಗಡ್ಡೆ ತುರಿಯುತ್ತಿದ್ದಳು,
ಭಾನುವಾರದ ರಾಪ್ಯೂರಿಗೆ ಇಪ್ಪತ್ತು ಪೌಂಡು.
ತುರಿದು, ಬಟ್ಟೆಯಲ್ಲಿ ಕಟ್ಟಿ, ನೀರೆಲ್ಲ ಹಿಂಡಿ,
ಒಣಗಿದ್ದಕ್ಕೆ ಕುದಿವ ಕೋಳಿಸಾರು ಹೊಯ್ದು ಮತ್ತೆ ಊದಿಸುವ
ನಮ್ಮವರ ಹಳೇ ಅಡುಗೆ. ನನ್ನಜ್ಜಿಯೂ ಹೀಗೇ,
ಹಿಂಡಿದಷ್ಟೇ ವಾಪಸು ತುಂಬುತ್ತಿದ್ದಳು,
ಯಾಕೆಂದು ಕೇಳಿದರೆ ಸೌಟು ತೋರಿಸುತ್ತಿದ್ದಳು.
ನಾನು ಟೇಪು ಎಳೆದು ಗೋಡೆ ಅಳೆದೆ, ಕಿಟಕಿ ಅಳೆದೆ,
ನೆಲ ಪೂರ್ವಕ್ಕೆ ಒಂದು ಬೆರಳು ವಾಲಿದ್ದನ್ನೂ
ಬರೆದುಕೊಂಡೆ.

“ರೆಮಿ,” ಅಂದಳು, ತುರಿಮಣೆಯಿಂದ ಕಣ್ಣು ತೆಗೆಯದೆ,
“ಎಲ್ಲ ಅಳೆದೆ. ನನ್ನನ್ನು ಅಳೆದೆಯೇನು?”

ಆಗ ಕಂಡಿತು ಪೆಟ್ಟಿಗೆ.
ಗಂಡನ ದೋಣಿಯಿಂದ ಬಂದದ್ದು, ಮೀನು ತುಂಬುವಂಥದ್ದು,
ಬೋರಲು ಹಾಕಿ ಅದರ ಮೇಲೆ ನಿಂತಿದ್ದಳು.
ಎರಡು ಪಾದದಷ್ಟು ಜಾಗ ಮಾತ್ರ
ಸವೆದು ಬಟ್ಟಲಾಗಿತ್ತು.
ಎರಡು ಸಲ ಎಡವಿದ್ದೆ ಅದನ್ನು. ನೋಡಿರಲಿಲ್ಲ.

ಕಟ್ಟೆ ಅತ್ತೆಯದು. ಝೆಲೀ ಆರಡಿ ಹೆಂಗಸು,
ತನ್ನ ಮೊಣಕೈಗೆ ಸರಿಯಾಗಿ ಕಟ್ಟಿಸಿಕೊಂಡದ್ದು;
ಒಡೆದ ಹಡಗಿನ ಹಲಗೆ, ಮೊಳೆ ಇಳಿಯದು.
“ನಲವತ್ತೊಂದು ವರ್ಷ ಹತ್ತಿ ಇಳಿದೆ,” ಅಂದಳು,
“ಉಪ್ಪು ತರಲು ಇಳಿ, ಉಪ್ಪು ಹಾಕಲು ಹತ್ತು.
ಅತ್ತೆ ಕೆಟ್ಟವಳೇನಲ್ಲ. ಬರೀ ಉದ್ದ.”

“ಹಾಗಾದರೆ ಮೂರನೇ ಹಾಳೆಯೇ…” ಅಂದೆ. ನೋಡಿ ನನ್ನ ಆಸೆ.
“ಬಣ್ಣ ಬೇಡ, ಹಿಡಿ ಬೇಡ. ನಲ್ಲಿಯನ್ನು
ಅಲ್ಫೇ ನೋಡಿಕೊಳ್ಳುತ್ತಾನಂತೆ, ಹದಿನಾಲ್ಕು ವರ್ಷದಿಂದ.
ಇದನ್ನು ತಗ್ಗಿಸು. ನನ್ನಷ್ಟಕ್ಕೆ.”

ಅಂಗಡಿಯ ಅಳತೆ ಮೂವತ್ತಾರು ಅಂಗುಲ,
ಅದಕ್ಕೂ ತಗ್ಗಿದರೆ ನಾಳೆ ಮನೆ ಕೊಳ್ಳುವವರು
ಮೂಗು ಮುರಿಯುತ್ತಾರೆ ಅಂದೆ.
“ಅವರ ಮೂಗು, ಅವರ ಖರ್ಚು.”

ಪೆಟ್ಟಿಗೆಯಿಂದಿಳಿದು ಮೊಣಕೈ ಮಡಚಿ ನಿಂತಳು.
ನೆಲದಿಂದ ಟೇಪು ಎತ್ತಿದೆ.
ಇಪ್ಪತ್ತು ವರ್ಷ ಎಷ್ಟೋ ಅಡುಗೆಮನೆ ಅಳೆದ ಕೈ,
ದರ್ಜಿಯ ಕೈಯಲ್ಲವಲ್ಲ, ತುಸು ನಡುಗಿತು.

ಹಲಗೆ ಮುಟ್ಟಲಿಲ್ಲ. ಕೆಳಗಿನ ಕಾಲುಗಳನ್ನು ಕೊಯ್ದೆ.
ಆರಾರು ಅಂಗುಲದ ತುಂಡು, ಪೈನ್ ಮರ,
ಒಳಗಿನ್ನೂ ಹಳದಿ, ಇನ್ನೂ ಅಂಟಂಟು.
ಒಂದೂವರೆ ದಿನದ ಕೆಲಸ.
ಒಲೆ ಮಾತ್ರ ಪಕ್ಕದಲ್ಲಿ ಎತ್ತರಕ್ಕೇ ಉಳಿಯಿತು,
ಅತ್ತೆಯ ಹಾಗೆ.

ಬಿಲ್ಲಿಗೆ ತಲೆಬರಹ ಹೊಳೆಯಲಿಲ್ಲ.
ರಿಪೇರಿ ಎನ್ನಲೇ? ಏನೂ ಮುರಿದಿರಲಿಲ್ಲ.
ಹೊಸದೆನ್ನಲೇ? ಒಂದು ಮೊಳೆಯೂ ಹೊಸದಲ್ಲ.
ಕಂತಿನ ಅರ್ಧಕ್ಕೂ ಸಾಲದ ಮೊತ್ತ ಬರೆದು ತಲೆಯೆತ್ತಿದರೆ,
ಪೆಟ್ಟಿಗೆ ಹೊರಗೆ ಜಗುಲಿಯಲ್ಲಿ, ಆಗಲೇ ಅದರ ಮೇಲೊಂದು ಬೆಕ್ಕು;
ಇತ್ತ ಓಸೀತ್ ಉಪ್ಪಿನ ಡಬ್ಬಿ ಹಿಡಿದು
ಕಟ್ಟೆಯ ಬಳಿ ಬಂದವಳು
ಬಲಗಾಲನ್ನೆತ್ತಿದಳು
ಇಲ್ಲದ ಮೆಟ್ಟಿಲಿಗೆ.

ಎತ್ತಿದ ಕಾಲು ನೆಲ ಹುಡುಕುತ್ತ
ಇಳಿಯಿತು, ನಿಧಾನ.